ಪುಣೆಯಲ್ಲಿ ಬಾಗಿಲು ತೆರೆದ ಒಂದು ಮನೆ

ಕೆಲವು ವರ್ಷಗಳ ಹಿಂದೆ ಅಣ್ಣನ ಮಗನನ್ನು ಕಾಲೇಜಿಗೆ ಸೇರಿಸಲು ಪುಣೆಗೆ ಹೋಗಿದ್ದೆ. ಹಾಸ್ಟೆಲ್‌ನಲ್ಲಿ ಜಾಗ ಸಿಗಲಿಲ್ಲ. ಬಾಡಿಗೆ ಕೋಣೆ ಹುಡುಕುತ್ತಾ ಎರಡು ದಿನ ಸುತ್ತಿದೆವು. ಫೋನಿನಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಬಾಡಿಗೆ ಎಷ್ಟು, ಡಿಪಾಸಿಟ್ ಎಷ್ಟು, ನೀರು ಯಾವಾಗ ಬರುತ್ತದೆ ಎಲ್ಲ ಹೇಳುತ್ತಿದ್ದರು. ಕೊನೆಗೆ ಹೆಸರು ಕೇಳುತ್ತಿದ್ದರು. ಹೆಸರು ಹೇಳಿದ ಮೇಲೆ ಆ ಕೋಣೆ "ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿದೆ" ಎಂದು ಗೊತ್ತಾಗುತ್ತಿತ್ತು. ಐದನೇ ಸಲ ಹೀಗೇ ಆದಾಗ ಹುಡುಗ ನಕ್ಕುಬಿಟ್ಟ. "ಇರಲಿ ಬಿಡ್ರಿ ಚಾಚಾ, ಕೋಂಢ್ವಾದಾಗ ನೋಡೂಣು" ಅಂದ. ಕೋಂಢ್ವಾ ಅಂದರೆ ಪುಣೆಯಲ್ಲಿ ನಮ್ಮವರು ಹೆಚ್ಚಾಗಿರುವ ಬಡಾವಣೆ.

ಆ ದಿನ ಮಧ್ಯಾಹ್ನ ನಾವಿಬ್ಬರೂ ಗಂಜ್ ಪೇಠ್‌ಗೆ ಹೋದೆವು. ಈಗ ಅದರ ಹೆಸರು ಮಹಾತ್ಮಾ ಫುಲೆ ಪೇಠ್. ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಬಾಳಿದ ಮನೆ ಅಲ್ಲಿ ಸ್ಮಾರಕವಾಗಿದೆ. ಅಂಗಳದಲ್ಲಿ ನಿಂತಾಗ ನನಗೆ ನೆನಪಾಗಿದ್ದು ಇದೇ ಪುಣೆಯ ಇನ್ನೊಂದು ಮನೆ. 1849ರಲ್ಲಿ ಈ ಗಂಡ ಹೆಂಡತಿ ತಂದೆಯ ಮನೆಯಿಂದ ಹೊರಬಿದ್ದಾಗ ಅವರಿಗೆ ಇರಲು ಜಾಗ ಕೊಟ್ಟದ್ದು ಉಸ್ಮಾನ್ ಶೇಖ್ ಎಂಬ ಮುಸ್ಲಿಮರ ಮನೆ ಎಂದು ಜೀವನಚರಿತ್ರೆಗಳು ಹೇಳುತ್ತವೆ. ಆಗ ಹಿಂದೂ ದಂಪತಿಗೆ ಮುಸ್ಲಿಮ್ ಮನೆ ಬಾಗಿಲು ತೆರೆದಿತ್ತು. ಈಗ ಅದೇ ಊರಲ್ಲಿ ನಾವು ಬಾಗಿಲು ತಟ್ಟುತ್ತಾ ತಿರುಗುತ್ತಿದ್ದೆವು.

ಬೇರೆ ಬೇರೆ ಜಾತಿಯ, ಧರ್ಮದ ಜನ ಒಂದೇ ಸೂರಿನಡಿ, ಒಂದೇ ಬಾವಿಯ ಹತ್ತಿರ, ಒಂದೇ ಪಂಕ್ತಿಯಲ್ಲಿ ಸೇರಲು ಪುಣೆಯಲ್ಲಿ ನಡೆದ ಪ್ರಯತ್ನದ ಕತೆ ಇದು. ನಮ್ಮ ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು. ಹೆಮ್ಮೆಪಡುವುದಕ್ಕೆ ಮಾತ್ರವಲ್ಲ, ಸರಿಯಾಗಿ ತಿಳಿಯುವುದಕ್ಕೂ.

ವಿಂಗಡಿಸಿದ ಊರು

ಪುಣೆಯ ಹಳೆಯ ಭಾಗ ಪೇಠ್‌ಗಳ ಊರು. ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಎಂದು ವಾರಗಳ ಹೆಸರಿನ ಪೇಠ್‌ಗಳಿವೆ. ಕಸಬಾ, ಗಂಜ್, ರಾಸ್ತಾ ಎಂಬ ಬೇರೆ ಹೆಸರಿನವೂ ಇವೆ. ಯಾರು ಯಾವ ಪೇಠ್‌ನಲ್ಲಿ ಇರಬೇಕು ಎಂಬುದನ್ನು ಬಹುಮಟ್ಟಿಗೆ ಜಾತಿಯೇ ನಿರ್ಧರಿಸುತ್ತಿತ್ತು. 1818ರವರೆಗೆ ಇದು ಪೇಶ್ವೆಗಳ ರಾಜಧಾನಿ. ಆ ಕಾಲದಲ್ಲಿ ಅಸ್ಪೃಶ್ಯರು ತಮ್ಮ ಹೆಜ್ಜೆ ಗುರುತು ಅಳಿಸಲು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು, ಉಗುಳು ನೆಲಕ್ಕೆ ಬೀಳದಂತೆ ಕೊರಳಿಗೆ ಮಡಕೆ ತೂಗುಹಾಕಿಕೊಂಡು ಓಡಾಡಬೇಕಿತ್ತು ಎಂದು ಡಾ. ಅಂಬೇಡ್ಕರ್ 1936ರ ತಮ್ಮ ಜಾತಿ ವಿನಾಶದ ಬರಹದಲ್ಲಿ ದಾಖಲಿಸಿದ್ದಾರೆ. ಪೇಶ್ವೆಗಳು ಹೋಗಿ ಇಂಗ್ಲಿಷರು ಬಂದರು. ಆದರೆ ಬಾವಿ, ಶಾಲೆ, ಓಣಿ ಮೊದಲಿನಂತೆಯೇ ಇದ್ದವು.

ಜೋತಿರಾವ್ ಫುಲೆ 1827ರಲ್ಲಿ ಹುಟ್ಟಿದ್ದು ಹೂವು, ತರಕಾರಿ ಬೆಳೆಯುವ ಮಾಳಿ ಜಾತಿಯ ಕುಟುಂಬದಲ್ಲಿ. ಹುಡುಗನ ಓದು ಅರ್ಧಕ್ಕೆ ನಿಂತಿತ್ತು. ಮತ್ತೆ ಶಾಲೆಗೆ ಕಳಿಸಿ ಎಂದು ತಂದೆ ಗೋವಿಂದರಾಯರಿಗೆ ತಿಳಿಹೇಳಿದವರು ಇಬ್ಬರು. ಒಬ್ಬರು ಲಿಜಿಟ್ ಎಂಬ ಇಂಗ್ಲಿಷ್ ಅಧಿಕಾರಿ. ಇನ್ನೊಬ್ಬರು ಗಫ್ಫಾರ್ ಬೇಗ್ ಮುನ್ಶಿ, ಉರ್ದು ಮತ್ತು ಫಾರ್ಸಿ ಕಲಿಸುತ್ತಿದ್ದ ನೆರೆಯವರು. 1841ರಲ್ಲಿ ಜೋತಿರಾವ್ ಸ್ಕಾಟಿಷ್ ಮಿಷನ್ ಶಾಲೆ ಸೇರಿದರು. ಅಲ್ಲಿ ಬ್ರಾಹ್ಮಣ ಗೆಳೆಯರೂ ಮುಸ್ಲಿಮ್ ಗೆಳೆಯರೂ ಸಿಕ್ಕರು. ಒಬ್ಬ ಬ್ರಾಹ್ಮಣ ಗೆಳೆಯನ ಮದುವೆ ಮೆರವಣಿಗೆಯಲ್ಲಿ ನಡೆಯುವಾಗ ಶೂದ್ರ ಎಂದು ಅವಮಾನಿಸಿದರು. ಆ ಪೆಟ್ಟು ಮರೆಯಲಿಲ್ಲ.

1848ರಲ್ಲಿ ಬುಧವಾರ ಪೇಠ್‌ನ ಭಿಡೆಯವರ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಮೊದಲು ಬಂದ ಆರು ಹುಡುಗಿಯರಲ್ಲಿ ನಾಲ್ವರು ಬ್ರಾಹ್ಮಣರು, ಒಬ್ಬಳು ಮರಾಠಾ, ಒಬ್ಬಳು ಧನಗರ್ ಅಂದರೆ ಕುರುಬರ ಹುಡುಗಿ ಎಂದು ಜೀವನಚರಿತ್ರೆಕಾರರು ಬರೆಯುತ್ತಾರೆ. ಕಲಿಸಲು ನಿಂತವರು ಸಾವಿತ್ರಿಬಾಯಿ. ಆಗ ಅವರಿಗೆ ಹದಿನೇಳು ವರ್ಷ. ಸಂಪ್ರದಾಯಸ್ಥರ ಒತ್ತಡ ತಂದೆ ಗೋವಿಂದರಾಯರ ಮೇಲೆ ಬಿತ್ತು. ಶಾಲೆ ಬಿಡಿ, ಇಲ್ಲವೇ ಮನೆ ಬಿಡಿ ಎಂದರು ತಂದೆ. ಗಂಡ ಹೆಂಡತಿ ಮನೆ ಬಿಟ್ಟರು.

ಶೇಖರ ಮನೆ

ಆಗ ಜಾಗ ಕೊಟ್ಟವರು ಉಸ್ಮಾನ್ ಶೇಖ್. ಅವರ ಮನೆಯ ಹೆಣ್ಣುಮಗಳು, ತಂಗಿ ಎಂದೇ ಹೇಳುತ್ತಾರೆ, ಫಾತಿಮಾ ಶೇಖ್. ಸಾವಿತ್ರಿಬಾಯಿಯ ಜೊತೆ ಪಾಠ ಮಾಡಿದವರು, ಆಧುನಿಕ ಭಾರತದ ಮೊದಲ ಮುಸ್ಲಿಮ್ ಶಿಕ್ಷಕಿ ಎಂದು ಇಂದು ಅವರನ್ನು ನೆನೆಯುತ್ತೇವೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. 2025ರ ಜನವರಿಯಲ್ಲಿ ಒಬ್ಬ ಪತ್ರಕರ್ತರು ಫಾತಿಮಾ ಶೇಖ್ ಎಂಬವರು ಇರಲೇ ಇಲ್ಲ, ಆ ಪಾತ್ರವನ್ನು ಹುಟ್ಟುಹಾಕಿದ್ದು ನಾನೇ ಎಂದು ಬರೆದುಕೊಂಡರು. ಅದು ದೊಡ್ಡ ಸುದ್ದಿಯಾಯಿತು. ನಮ್ಮ ಹುಡುಗರು ವಾಟ್ಸ್ಆ್ಯಪ್‌ನಲ್ಲಿ ಸಿಟ್ಟಿಗೆದ್ದರು, ಕೆಲವರು ಗಲಿಬಿಲಿಯಾದರು. ನಾವು ಏನು ಹೇಳಬೇಕು? ಗೊತ್ತಿರುವುದನ್ನು ಮಾತ್ರ ಹೇಳಬೇಕು. ಅದೇ ಸಾಕು.

ಗೊತ್ತಿರುವುದು ಇಷ್ಟು. 1856ರ ಅಕ್ಟೋಬರ್ 10ರಂದು ಸಾವಿತ್ರಿಬಾಯಿ ತವರೂರು ನಾಯ್‌ಗಾಂವ್‌ನಿಂದ ಗಂಡನಿಗೆ ಒಂದು ಪತ್ರ ಬರೆದರು. ಕಾಯಿಲೆಯಿಂದ ಚೇತರಿಸಿಕೊಳ್ಳಲು ಅಲ್ಲಿಗೆ ಹೋಗಿದ್ದರು. ತಾನಿಲ್ಲದೆ ಪುಣೆಯಲ್ಲಿ ಫಾತಿಮಾಗೆ ತುಂಬಾ ತೊಂದರೆ ಆಗುತ್ತಿರಬಹುದು, ಆದರೆ ಆಕೆ ಅರ್ಥಮಾಡಿಕೊಳ್ಳುತ್ತಾಳೆ, ಗೊಣಗುವುದಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ಮಾ. ಗೋ. ಮಾಳಿ ಸಂಪಾದಿಸಿದ ಸಾವಿತ್ರಿಬಾಯಿಯವರ ಸಮಗ್ರ ಬರಹಗಳ ಮರಾಠಿ ಸಂಪುಟ 1988ರಲ್ಲಿ ಪ್ರಕಟವಾಯಿತು. ಈ ಪತ್ರ ಅದರಲ್ಲಿದೆ. ಅಂದರೆ ಫೇಸ್‌ಬುಕ್ ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಫಾತಿಮಾ ಅಚ್ಚಿನಲ್ಲಿದ್ದರು. ಸಾವಿತ್ರಿಬಾಯಿಯ ಪಕ್ಕದಲ್ಲಿ ಇನ್ನೊಬ್ಬ ಮಹಿಳೆ ಕುಳಿತಿರುವ ಹಳೆಯ ಫೋಟೊ ಒಂದಿದೆ. ಆ ಮಹಿಳೆಯನ್ನು ಫಾತಿಮಾ ಎಂದು ಗುರುತಿಸುತ್ತಾರೆ.

ಆದರೆ ಜನವರಿ 9 ಅವರ ಹುಟ್ಟಿದ ದಿನ ಎನ್ನುವುದಕ್ಕೆ ಆ ಕಾಲದ ದಾಖಲೆಯಿಲ್ಲ. ಗೂಗಲ್ 2022ರಲ್ಲಿ ಆ ದಿನ ಡೂಡಲ್ ಹಾಕಿದ್ದು ಗೌರವವೇ ಸರಿ, ದಾಖಲೆಯಲ್ಲ. ಅವರು ಆಡಿದ್ದೆಂದು ಹಂಚುವ ಮಾತುಗಳಿಗೂ ಆಧಾರವಿಲ್ಲ. ಪ್ರೀತಿಯಿಂದಲೇ ಆಗಲಿ, ಇಲ್ಲದ್ದನ್ನು ಸೇರಿಸಿದರೆ ಇದ್ದದ್ದೂ ಸುಳ್ಳು ಅನ್ನುವವರಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಹದೀಸ್ ಸಂಗ್ರಹಿಸಿದ ನಮ್ಮ ಹಿರಿಯರು ಒಂದು ಮಾತು ಯಾರಿಂದ ಯಾರಿಗೆ ಬಂತು ಎಂದು ಸನದ್ ಕೇಳುತ್ತಿದ್ದರು. ಆ ಅಭ್ಯಾಸ ಇತಿಹಾಸಕ್ಕೂ ಬೇಕು.

ಇನ್ನು ಆ ಪತ್ರದಿಂದ ತಿಳಿಯುವುದೇನು ಸಣ್ಣದೇ? ಒಬ್ಬ ಮಾಳಿ ಹೆಂಗಸು ಕೆಲಸದ ಭಾರವನ್ನು ಒಬ್ಬ ಮುಸ್ಲಿಮ್ ಹೆಂಗಸಿನ ಮೇಲೆ ಬಿಟ್ಟು ಊರಿಗೆ ಹೋಗಿದ್ದಾಳೆ. ಅವಳು ನಿಭಾಯಿಸುತ್ತಾಳೆ ಎಂಬ ನಂಬಿಕೆ ಇದೆ. ಅವಳಿಗೆ ಕಷ್ಟವಾಗುತ್ತಿದೆ ಎಂಬ ಮರುಕವೂ ಇದೆ. ಮನೆಯವರ ಬಗ್ಗೆ ಬರೆಯುವ ಹಾಗೆ ಬರೆದಿದ್ದಾರೆ. 1856ರ ಪುಣೆಯಲ್ಲಿ ಇದು ದೊಡ್ಡ ಸಂಗತಿ.

ಮದೀನಾಕ್ಕೆ ಬಂದ ಮುಹಾಜಿರರಿಗೆ ಅನ್ಸಾರರು ಮನೆ, ತೋಟ ಹಂಚಿಕೊಟ್ಟ ಕತೆ ನಮ್ಮ ಮದ್ರಸಾದ ಮಕ್ಕಳಿಗೂ ಗೊತ್ತು. ಶೇಖ್ ಮನೆತನದವರ ಮನಸ್ಸಿನಲ್ಲಿ ಆ ಕತೆ ಇತ್ತೋ ಇಲ್ಲವೋ ಹೇಳಲಾಗದು. ಅವರು ಮಾಡಿದ್ದು ಮಾತ್ರ ಅದೇ ಕೆಲಸ.

ಶಾಲೆಯಿಂದ ಬಾವಿಗೆ

ಅದೇ 1856ರ ಪತ್ರದಲ್ಲಿ ಇನ್ನೊಂದು ವಿಷಯವಿದೆ. ಸಾವಿತ್ರಿಬಾಯಿಯ ಸೋದರ, ನೀವಿಬ್ಬರೂ ಮಹಾರ್ ಮಾಂಗರ ಕೆಲಸ ಮಾಡಿ ಕುಲದ ಮಾನ ಕಳೆಯುತ್ತಿದ್ದೀರಿ ಎಂದು ಜಗಳ ತೆಗೆಯುತ್ತಾನೆ. ದನ, ಆಡುಗಳನ್ನು ಮುದ್ದು ಮಾಡುತ್ತೀರಿ, ನಾಗರ ಪಂಚಮಿಗೆ ಹಾವಿಗೆ ಹಾಲೆರೆಯುತ್ತೀರಿ, ಮನುಷ್ಯರನ್ನು ಮಾತ್ರ ಮುಟ್ಟುವುದಿಲ್ಲವೇ ಎಂದು ಸಾವಿತ್ರಿಬಾಯಿ ಕೇಳುತ್ತಾರೆ.

1851 ಮತ್ತು 1852ರಲ್ಲಿ ಬುಧವಾರ ಪೇಠ್, ರಾಸ್ತಾ ಪೇಠ್, ವೇತಾಳ ಪೇಠ್‌ಗಳಲ್ಲಿ ಶಾಲೆಗಳು ಬೆಳೆದವು. ಮಹಾರ್, ಮಾಂಗ್ ಮಕ್ಕಳಿಗೂ ಶಾಲೆ ತೆರೆಯಿತು. ಅಲ್ಲಿ ಓದಿದ ಮುಕ್ತಾಬಾಯಿ ಎಂಬ ಹದಿನಾಲ್ಕು ವರ್ಷದ ಮಾಂಗ್ ಹುಡುಗಿ 1855ರಲ್ಲಿ ತನ್ನ ಜನರ ಸಂಕಟದ ಬಗ್ಗೆ ಬರೆದ ಪ್ರಬಂಧ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ಓದುವ ಹಕ್ಕು ನಮಗಿಲ್ಲವೆಂದ ಮೇಲೆ ನಮ್ಮ ಧರ್ಮ ಯಾವುದು ಎಂದು ಆಕೆ ಕೇಳಿದ್ದಳು.

1868ರಲ್ಲಿ ಜೋತಿರಾವ್ ತಮ್ಮ ಮನೆಯ ನೀರಿನ ಹೌದನ್ನು ಅಸ್ಪೃಶ್ಯರಿಗೆ ತೆರೆದರು. ಶಾಲೆಗಿಂತ ಇದು ಕಷ್ಟದ ಹೆಜ್ಜೆ. ಶಾಲೆಗೆ ಹೋಗಿ ಬಂದ ಮಗುವಿಗೆ ಮನೆಯಲ್ಲಿ ಸ್ನಾನ ಮಾಡಿಸಿ ಒಳಗೆ ಕರೆದುಕೊಳ್ಳಬಹುದು. ನೀರು ಹಾಗಲ್ಲ, ಅದು ಅಡುಗೆಮನೆಯೊಳಗೆ ಬರುತ್ತದೆ.

ಅದೇ ವರ್ಷದ ಆಗಸ್ಟ್ 29ರ ಪತ್ರದಲ್ಲಿ ಸಾವಿತ್ರಿಬಾಯಿ ನಾಯ್‌ಗಾಂವ್‌ನ ಒಂದು ಘಟನೆ ತಿಳಿಸುತ್ತಾರೆ. ಗಣೇಶ ಎಂಬ ಬ್ರಾಹ್ಮಣ ಯುವಕ, ಶಾರ್ಜಾ ಎಂಬ ಮಹಾರ್ ಹುಡುಗಿ ಪ್ರೀತಿಸಿದ್ದರು. ಹುಡುಗಿ ಬಸುರಿ. ಊರಿನವರು ಇಬ್ಬರನ್ನೂ ಬೀದಿಯಲ್ಲಿ ಎಳೆದುಕೊಂಡು ಹೋಗಿ ಕೊಲ್ಲಲು ಹೊರಟಿದ್ದರು. ಸಾವಿತ್ರಿಬಾಯಿ ಓಡಿಹೋಗಿ, ಇಂಗ್ಲಿಷರ ಕಾನೂನಿನಲ್ಲಿ ಇದಕ್ಕೇನು ಶಿಕ್ಷೆ ಎಂದು ಹೆದರಿಸಿ ಇಬ್ಬರನ್ನೂ ಉಳಿಸಿದರು, ಊರಿಂದಾಚೆ ಗಂಡನ ಬಳಿಗೆ ಕಳಿಸಿದರು. ಒಂದು ಕಾಲದಲ್ಲಿ ಆಶ್ರಯ ಬೇಡಿದವರು ಈಗ ಆಶ್ರಯ ಕೊಡುವವರಾಗಿದ್ದರು. ಮುಂದೆ 1874ರಲ್ಲಿ ಒಬ್ಬ ಬ್ರಾಹ್ಮಣ ವಿಧವೆಯ ಮಗುವನ್ನು ದತ್ತು ತೆಗೆದುಕೊಂಡರು. ಅವನೇ ಯಶವಂತ.

ಸತ್ಯಶೋಧಕರ ಮನೆ

1873ರ ಸೆಪ್ಟೆಂಬರ್ 24ರಂದು ಪುಣೆಯಲ್ಲಿ ಸತ್ಯಶೋಧಕ ಸಮಾಜ ಹುಟ್ಟಿತು. ದೇವರು ಒಬ್ಬನೇ, ಅವನಿಗೂ ಮನುಷ್ಯನಿಗೂ ನಡುವೆ ದಲ್ಲಾಳಿ ಬೇಡ, ಹುಟ್ಟಿನಿಂದ ಯಾರೂ ಮೇಲಲ್ಲ ಎಂಬುದು ಅದರ ತಿರುಳು. ದೇವರನ್ನು ಜೋತಿರಾವ್ 'ನಿರ್ಮಿಕ' ಎಂದು ಕರೆದರು, ಅಂದರೆ ಸೃಷ್ಟಿಸಿದವನು. ಸದಸ್ಯತ್ವ ಎಲ್ಲರಿಗೂ ತೆರೆದಿತ್ತು. ಮಹಾರ್, ಮಾಂಗ್, ಬ್ರಾಹ್ಮಣ, ಮುಸ್ಲಿಮ್, ಯಹೂದಿ ಎಂಬ ತಡೆ ಇರಲಿಲ್ಲ. ಅದೇ ವರ್ಷದ ಡಿಸೆಂಬರ್ 25ರಂದು ಪುರೋಹಿತರಿಲ್ಲದ ಮೊದಲ ಸತ್ಯಶೋಧಕ ಮದುವೆ ಕಡಿಮೆ ಖರ್ಚಿನಲ್ಲಿ ನಡೆಯಿತು. 1889ರಲ್ಲಿ ಯಶವಂತನ ಮದುವೆಯೂ ಹಾಗೆಯೇ ಆಯಿತು. ಹುಡುಗಿ ಸಮಾಜದ ಮುಖಂಡ ಗ್ಯಾನೋಬಾ ಸಾಸನೆಯವರ ಮಗಳು.

ಪ್ರವಾದಿ ಮುಹಮ್ಮದ್ (ಸ) ಅವರ ಬಗ್ಗೆ ಜೋತಿರಾವ್ 'ಮಾನವ ಮಹಮ್ಮದ' ಎಂಬ ಪದ್ಯ ಬರೆದಿದ್ದಾರೆ. 1890ರ ನವೆಂಬರ್ 28ರಂದು ಅವರು ತೀರಿಕೊಂಡರು. ಮರುವರ್ಷ ಅವರ ಕೊನೆಯ ಪುಸ್ತಕ 'ಸಾರ್ವಜನಿಕ ಸತ್ಯಧರ್ಮ ಪುಸ್ತಕ' ಹೊರಬಂತು. ಅದರಲ್ಲಿ ಅವರು ಒಂದು ಕುಟುಂಬವನ್ನು ಕಲ್ಪಿಸುತ್ತಾರೆ. ಆ ಮನೆಯಲ್ಲಿ ಒಬ್ಬರು ಬೌದ್ಧ ಗ್ರಂಥ ಓದಿ ಬೌದ್ಧರಾಗಬಹುದು, ಇನ್ನೊಬ್ಬರು ಬೈಬಲ್ ಓದಿ ಕ್ರೈಸ್ತರಾಗಬಹುದು, ಮಗಳು ಕುರ್‌ಆನ್ ಓದಿ ಮುಸ್ಲಿಮಳಾಗಬಹುದು, ಮಗ ಸತ್ಯಧರ್ಮಿಯಾಗಬಹುದು. ಆದರೂ ಒಬ್ಬರನ್ನೊಬ್ಬರು ದ್ವೇಷಿಸದೆ ಒಂದೇ ಮನೆಯ ಮಕ್ಕಳಂತೆ ಇರಬೇಕು. ಇದನ್ನು ಓದಿದಾಗೆಲ್ಲ ನನಗೆ ಶೇಖರ ಮನೆ ನೆನಪಾಗುತ್ತದೆ. ಹಾಗೆ ಬದುಕಿದವರಿಗೇ ಹಾಗೆ ಕಲ್ಪಿಸಲು ಸಾಧ್ಯ, ಅಲ್ವಾ?

ಪುಣೆಯಿಂದ ಅಮೆರಿಕಕ್ಕೆ

1873ರ 'ಗುಲಾಮಗಿರಿ' ಪುಸ್ತಕವನ್ನು ಜೋತಿರಾವ್ ಯಾರಿಗೆ ಅರ್ಪಿಸಿದರು ಗೊತ್ತೇ? ಕರಿಯರ ಗುಲಾಮಗಿರಿಯನ್ನು ತೊಡೆದುಹಾಕಿದ ಅಮೆರಿಕದ ಜನರಿಗೆ. ಆದರೆ ಅದೇ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮುಂದಿನ ದಶಕಗಳಲ್ಲಿ ಬಿಳಿಯರಿಗೊಂದು, ಕರಿಯರಿಗೊಂದು ಎಂದು ಶಾಲೆ, ರೈಲುಡಬ್ಬಿ, ನೀರಿನ ನಲ್ಲಿ ಎಲ್ಲವನ್ನೂ ಕಾನೂನಿನಿಂದಲೇ ಬೇರ್ಪಡಿಸಿದರು. ಅಲ್ಲಿಯೂ ಈ ಗೋಡೆ ದಾಟಲು ನೋಡಿದ ಸಣ್ಣ ಗುಂಪುಗಳಿದ್ದವು. ಅವರಲ್ಲಿ ಒಂದು, ಇರಾನ್‌ನಲ್ಲಿ ಹುಟ್ಟಿದ ಬಹಾಯಿ ಧರ್ಮದವರದ್ದು.

ಲೂಯಿಸ್ ಗ್ರೆಗರಿ 1874ರಲ್ಲಿ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಹುಟ್ಟಿದರು. ತಂದೆತಾಯಿ ಗುಲಾಮರಾಗಿದ್ದವರು. ವಕೀಲರಾದ ಗ್ರೆಗರಿ 1909ರಲ್ಲಿ ಬಹಾಯಿ ಆದರು, ಮರುವರ್ಷದಿಂದ ದಕ್ಷಿಣದ ಊರೂರು ಸುತ್ತಿ ಮಾತಾಡಿದರು. 1912ರ ಏಪ್ರಿಲ್‌ನಲ್ಲಿ ಬಹಾಯಿ ಮುಖಂಡ ಅಬ್ದುಲ್ ಬಹಾ ವಾಷಿಂಗ್ಟನ್‌ಗೆ ಬಂದಾಗ ಗಣ್ಯರಿಗೊಂದು ಊಟ ಏರ್ಪಾಡಾಗಿತ್ತು. ಅದಕ್ಕೆ ಗ್ರೆಗರಿಗೆ ಕರೆಯೋಲೆ ಇರಲಿಲ್ಲ. ಅಬ್ದುಲ್ ಬಹಾ ಅವರನ್ನು ಕರೆಸಿ, ಮೇಜಿನಲ್ಲಿ ತಮ್ಮ ಬಲಗಡೆಯೇ ಕೂರಿಸಿದರು. ಆ ವರ್ಷವೇ ಗ್ರೆಗರಿ ಲೂಯಿಸಾ ಮ್ಯಾಥ್ಯೂ ಎಂಬ ಬಿಳಿಯ ಇಂಗ್ಲಿಷ್ ಮಹಿಳೆಯನ್ನು ಮದುವೆಯಾದರು. ದಕ್ಷಿಣದಲ್ಲಿ ಗಂಡ ಹೆಂಡತಿ ಜೊತೆಯಾಗಿ ಪ್ರಯಾಣಿಸುವಂತಿರಲಿಲ್ಲ. ಅಂಥ ಮದುವೆಗಳನ್ನು ತಡೆಯುವ ಕಾನೂನುಗಳು ಪೂರ್ತಿ ಬಿದ್ದದ್ದು 1967ರಲ್ಲಿ, ಆಗ ಇಬ್ಬರೂ ಇರಲಿಲ್ಲ. ಆದರೆ ಅವರು ಬಿತ್ತಿದ್ದು ಉಳಿಯಿತು. 2010ರ ಧಾರ್ಮಿಕ ಸಮೀಕ್ಷೆಯ ಪ್ರಕಾರ ಸೌತ್ ಕೆರೊಲಿನಾದಲ್ಲಿ ಕ್ರೈಸ್ತರ ನಂತರದ ಸ್ಥಾನ ಬಹಾಯಿಗಳದ್ದೇ.

ಬಹಾಯಿಗಳ ನಂಬಿಕೆಯ ಬಗ್ಗೆ ಮುಸ್ಲಿಮರಾದ ನಮಗೆ ಮೂಲಭೂತ ಭಿನ್ನಾಭಿಪ್ರಾಯವಿದೆ. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅವರು ಹೊರಗಿನವರೂ ಅಲ್ಲ. ಪುಣೆ, ಮುಂಬಯಿಯಲ್ಲಿ ಎಲ್ಲ ಜಾತಿ ಧರ್ಮದವರು ಕೂತು ಚಹಾ ಕುಡಿದ ಇರಾನಿ ಹೋಟೆಲ್‌ಗಳನ್ನು ನಡೆಸಿದವರಲ್ಲಿ ಬಹಾಯಿಗಳೂ ಇದ್ದರು. ಪುಣೆಯಿಂದ ಸುಮಾರು ನೂರು ಕಿಲೋಮೀಟರ್ ದೂರದ ಪಂಚಗಣಿಯಲ್ಲಿ 1945ರಲ್ಲಿ ಅವರು ಕಟ್ಟಿದ ನ್ಯೂ ಎರಾ ಶಾಲೆ ಇಂದಿಗೂ ಇದೆ. ಭಿನ್ನಾಭಿಪ್ರಾಯ ಇದ್ದವರಿಂದಲೂ ಕಲಿಯುವುದಿದೆ. ಪುಣೆಯಲ್ಲಾಗಲಿ, ಸೌತ್ ಕೆರೊಲಿನಾದಲ್ಲಾಗಲಿ ಭಾಷಣ ಕೇಳಿ ಜನ ಹತ್ತಿರ ಬರಲಿಲ್ಲ. ಯಾರೋ ಒಬ್ಬರು ಮನೆ ಕೊಟ್ಟರು, ನೀರು ಕೊಟ್ಟರು, ಊಟದ ಮೇಜಿನಲ್ಲಿ ಜಾಗ ಕೊಟ್ಟರು.

ಎಲ್ಲಿ ನಿಂತಿತು?

ಸತ್ಯಶೋಧಕ ಚಳವಳಿ ಗೆದ್ದಿತೇ? ಒಂದು ರೀತಿಯಲ್ಲಿ ಹೌದು. ಕೊಲ್ಹಾಪುರದ ಶಾಹೂ ಮಹಾರಾಜರು 1902ರಲ್ಲಿ ಹಿಂದುಳಿದವರಿಗೆ ಅರ್ಧದಷ್ಟು ಸರಕಾರಿ ಹುದ್ದೆ ಮೀಸಲಿಟ್ಟರು, ಮುಸ್ಲಿಮ್ ವಿದ್ಯಾರ್ಥಿಗಳ ಬೋರ್ಡಿಂಗ್‌ಗೆ ನೆರವಾದರು. ನಮ್ಮ ನಿಪ್ಪಾಣಿ, ಚಿಕ್ಕೋಡಿ ಕಡೆಗೂ ಆ ಗಾಳಿ ಬೀಸಿತು. ಆದರೆ ಫುಲೆ ಕಂಡ ಆ ಒಂದು ಮನೆ ದೊಡ್ಡದಾಗಲಿಲ್ಲ. ಚಳವಳಿ ಬ್ರಾಹ್ಮಣೇತರ ರಾಜಕೀಯದತ್ತ ಹೊರಳಿತು, ಅದರ ಬಹಳಷ್ಟು ಜನ 1930ರ ದಶಕದಲ್ಲಿ ಕಾಂಗ್ರೆಸ್ ಸೇರಿದರು. ಮುಸ್ಲಿಮರು ಅದರಲ್ಲಿ ದೊಡ್ಡ ಸಂಖ್ಯೆಯಲ್ಲಿ ಇರಲೂ ಇಲ್ಲ. ಸಾವಿತ್ರಿಬಾಯಿ 1897ರ ಮಾರ್ಚ್ 10ರಂದು ತೀರಿಕೊಂಡದ್ದು ಪ್ಲೇಗ್‌ನಿಂದ. ಪ್ಲೇಗ್ ಬಡಿದ ಒಬ್ಬ ಹುಡುಗನನ್ನು ಹೊತ್ತು ಯಶವಂತನ ದವಾಖಾನೆಗೆ ತಂದಾಗ ರೋಗ ಅವರಿಗೂ ತಗುಲಿತು. ಭಿಡೆ ವಾಡೆ 2023ರ ಡಿಸೆಂಬರ್‌ನಲ್ಲಿ ನೆಲಸಮವಾಯಿತು, ಆ ಜಾಗದಲ್ಲಿ ಸ್ಮಾರಕ ಕಟ್ಟಬೇಕೆಂದು.

ಕೋಣೆ ಸಿಗದ ಸಿಟ್ಟಿನಲ್ಲಿ ನಾನು ಬೇರೆಯವರನ್ನಷ್ಟೇ ದೂರಿ ಈ ಲೇಖನ ಮುಗಿಸಬಹುದಿತ್ತು. ಆದರೆ ಫುಲೆ ಅವರ ಅಂಗಳದಲ್ಲಿ ನಿಂತಾಗ ನನ್ನನ್ನೇ ಕೇಳಿಕೊಳ್ಳಬೇಕಾಯಿತು. ಅರಬನಿಗೆ ಅರಬನಲ್ಲದವನ ಮೇಲೆ ಹಿರಿಮೆ ಇಲ್ಲ ಎಂದ ಪ್ರವಾದಿ (ಸ) ಅವರ ಕೊನೆಯ ಹಜ್‌ನ ಉಪದೇಶವನ್ನು ನಾವು ಪ್ರತಿ ವೇದಿಕೆಯಲ್ಲೂ ಹೇಳುತ್ತೇವೆ. ಮದುವೆ ಮಾತು ಬಂದಾಗ ಸಯ್ಯದ್ ಮನೆ, ಪಿಂಜಾರರ ಮನೆ ಎಂದು ನೋಡೋದಿಲ್ವಾ? ನಮ್ಮ ಊರಲ್ಲಿ ನಮ್ಮದೇ ಮನೆಯ ಮೇಲಂತಸ್ತು ಖಾಲಿ ಇದ್ದಾಗ ದಲಿತ ವಿದ್ಯಾರ್ಥಿ ಬಂದು ಕೇಳಿದರೆ ಎಷ್ಟು ಜನ ಕೀಲಿಕೈ ಕೊಡುತ್ತೇವೆ? ಉಸ್ಮಾನ್ ಶೇಖರು ನಮ್ಮವರು ಎಂದು ಹೇಳಿಕೊಳ್ಳುವ ಹಕ್ಕು ಆ ಕೀಲಿಕೈಯ ಜೊತೆಗೇ ಬರುತ್ತದೆ.

ಹಾಗಾಗಿ ಮುಂದಿನ ಜನವರಿಯಲ್ಲಿ ಕಾಲೇಜಿನಲ್ಲೋ ಸಂಘದಲ್ಲೋ ಫಾತಿಮಾ ಶೇಖ್ ದಿನಾಚರಣೆ ಮಾಡುವವರು ದಯವಿಟ್ಟು ಆ 1856ರ ಪತ್ರವನ್ನು ಓದಿಸಿ. ಗೊತ್ತಿರುವುದು ಇಷ್ಟೇ ಎಂದು ಧೈರ್ಯವಾಗಿ ಹೇಳಿ. ಆಮೇಲೆ ನಮ್ಮ ಓಣಿಯಲ್ಲಿ ಯಾರಿಗೆ ಕೋಣೆ ಸಿಗುತ್ತಿಲ್ಲ ಎಂದು ವಿಚಾರಿಸಿ.

ಅಣ್ಣನ ಮಗನಿಗೆ ಕೊನೆಗೆ ಕೋಂಢ್ವಾದಲ್ಲೇ ಕೋಣೆ ಸಿಕ್ಕಿತು. ಎರಡು ತಿಂಗಳ ನಂತರ ಫೋನ್ ಮಾಡಿ, "ಚಾಚಾ, ಲಾತೂರಿನ ಹುಡುಗ ಒಬ್ಬ ನನ್ ಜೊತೆಗೇ ಅದಾನ್ರಿ. ಬೌದ್ಧರವ. ಅವಗೂ ಎಲ್ಲೂ ಕೊಟ್ಟಿಲ್ಲಂತ" ಅಂದ. ಬಾಡಿಗೆ ಇಬ್ಬರೂ ಅರ್ಧರ್ಧ ಹಾಕುತ್ತಾರೆ. ಅಡುಗೆ ಮಾತ್ರ ಆ ಹುಡುಗನೇ ಚೆನ್ನಾಗಿ ಮಾಡುತ್ತಾನಂತೆ.